ಮನುಷ್ಯರ ಔಷಧವನ್ನು ತಿಂದ ನಾಯಿಯ ರಕ್ಷಣೆ

ರಾತ್ರಿಯ ವೇಳೆ ಕಣವನ್ನು ಕಾಯುವುದಕ್ಕೂ, ಜೋಳದ ಹೊಲಕ್ಕೆ ನುಗ್ಗುವ ಹಂದಿಯನ್ನು ಬೆದರಿಸುವುದಕ್ಕೂ, ಕುರಿಹಟ್ಟಿಯ ಸುತ್ತ ತೋಳವು ಸುಳಿಯದಂತೆ ಎಚ್ಚರವಾಗಿರುವುದಕ್ಕೂ ಒಕ್ಕಲಿನ ಮನೆಗೆ ನಾಯಿಯು ಅವಶ್ಯವಾದುದು. ಹೀಗಿದ್ದಾಗ್ಯೂ, ಎತ್ತಿಗೆ ಹೊಟ್ಟೆಯುಬ್ಬರವಾದರೆ ಆ ಕೂಡಲೆ ಪಶುವೈದ್ಯರಿಗೆ ಹೇಳಿಕಳುಹಿಸುವ ರೈತನು, ನಾಯಿಯು ಮಂಕಾಗಿ ಮೂಲೆಯಲ್ಲಿ ಮಲಗಿದರೆ ‘ಏನನ್ನೋ ತಿಂದಿರಬೇಕು, ತಾನೇ ಸರಿಹೋಗುವುದು’ ಎಂದು ಸುಮ್ಮನಿರುವುದುಂಟು. ಅನೇಕ ವೇಳೆ ಅದು ತಾನೇ ಸರಿಹೋಗುವುದೂ ನಿಜ. ನಾಯಿಯು ಕೆಟ್ಟದ್ದನ್ನು ಕಕ್ಕಿ, ಗರಿಕೆಯನ್ನು ಮೇಯ್ದು, ಮಾರನೆಯ ದಿನ ಎಂದಿನಂತೆ ಓಡಾಡುವುದನ್ನು ಎಲ್ಲರೂ ಕಂಡಿರುತ್ತಾರೆ. ಆದರೆ ಅದು ತಿಂದುದು ಮನುಷ್ಯರ ಮಾತ್ರೆಯಾಗಿದ್ದ ಪಕ್ಷದಲ್ಲಿ ಈ ಭರವಸೆಯು ಸಲ್ಲದು.

ಹಿಂದಿನ ಕಾಲದಲ್ಲಿ ಹಳ್ಳಿಯ ಮನೆಯ ಔಷಧವೆಂದರೆ ಶುಂಠಿ, ಮೆಣಸು, ಒಂದೆರಡು ಬೇರುನಾರುಗಳು. ಈಗ ಜ್ವರದ ಮಾತ್ರೆ, ಮಂಡಿನೋವಿನ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತದ ಒತ್ತಡದ ಮಾತ್ರೆ, ಗರ್ಭಿಣಿಯರಿಗೆ ಸರ್ಕಾರದಿಂದ ಕೊಡುವ ಕಬ್ಬಿಣದ ಮಾತ್ರೆ, ಇವುಗಳಲ್ಲಿ ಯಾವುದೂ ಇಲ್ಲದ ಮನೆಯೇ ಅಪರೂಪ. ಇವು ಬೀಗದ ಪೆಟ್ಟಿಗೆಯಲ್ಲಿರುವುದಿಲ್ಲ. ಗೋಡೆಯ ಗೂಡಿನಲ್ಲೋ, ಮಂಚದ ದಿಂಬಿನ ಕೆಳಗೋ, ಬಾಗಿಲಿನ ಮೊಳೆಗೆ ತೂಗಹಾಕಿದ ಕೈಚೀಲದಲ್ಲೋ ಇರುತ್ತವೆ. ನಾಯಿಯಾದರೋ ಅಗಿದು ರುಚಿ ನೋಡಿ ತಿನ್ನುವ ಪ್ರಾಣಿಯಲ್ಲ. ಬಾಯಿಗೆ ಸಿಕ್ಕಿದುದನ್ನು ಕಚಕ್ಕನೆ ನುಂಗುವುದು ಅದರ ಹುಟ್ಟುಗುಣ. ಅನೇಕ ಮಾತ್ರೆಗಳ ಮೇಲೆ ಸಕ್ಕರೆಯ ಲೇಪವಿರುತ್ತದೆ. ಮಾತ್ರೆಗಳನ್ನು ಮುಚ್ಚಿರುವ ತಗಡಿನ ಹಾಳೆಯು, ಅಂದರೆ ಅಂಗಡಿಯವರು ಶೀಟು ಎಂದು ಕರೆಯುವುದು, ಕಚ್ಚಿದರೆ ಪಟಪಟನೆ ಸದ್ದು ಮಾಡುವುದರಿಂದ ಮರಿನಾಯಿಗಳಿಗೆ ಅದೊಂದು ಆಟದ ವಸ್ತುವೂ ಆಗುತ್ತದೆ.

ಇದಲ್ಲದೆ ಇನ್ನೊಂದು ಬಗೆಯ ಅಪಘಾತವುಂಟು. ಇದರಲ್ಲಿ ನಾಯಿಯ ತಪ್ಪೇನೂ ಇಲ್ಲ. ನಾಯಿಯ ಮೈ ಬಿಸಿಯಾಗಿದೆಯೆಂದೋ, ಕಾಲು ಕುಂಟುತ್ತಿದೆಯೆಂದೋ ಕನಿಕರಪಟ್ಟು ಮನೆಯವರೇ ತಮ್ಮ ಮಾತ್ರೆಯಲ್ಲಿ ಅರ್ಧವನ್ನು ಮುರಿದು ರಾಗಿಮುದ್ದೆಯಲ್ಲಿಟ್ಟು ತಿನ್ನಿಸುತ್ತಾರೆ. ‘ಮಗುವಿಗೆ ಅರ್ಧ ಮಾತ್ರೆಯಾದರೆ ನಾಯಿಗೂ ಅರ್ಧ’ ಎಂಬುದು ಇವರ ಲೆಕ್ಕ. ಈ ಲೆಕ್ಕವು ತಪ್ಪೆಂಬುದನ್ನು ಮೊದಲು ಮನಗಾಣತಕ್ಕದ್ದು.

ಮನುಷ್ಯನಿಗೆ ಮದ್ದು, ನಾಯಿಗೆ ವಿಷವಾಗುವ ಬಗೆ.— ಹೊಟ್ಟೆಗೆ ಹೋದ ಔಷಧವು ರಕ್ತದಲ್ಲಿ ಸೇರಿ ತನ್ನ ಕೆಲಸವನ್ನು ಮಾಡಿದ ಮೇಲೆ, ಯಕೃತ್ತು ಅದನ್ನು ಬೇರೆ ರೂಪಕ್ಕೆ ಮಾರ್ಪಡಿಸಿ ಮೂತ್ರ ಅಥವಾ ಪಿತ್ತದ ಮೂಲಕ ಹೊರಗೆ ಕಳುಹಿಸಬೇಕು. ಈ ಮಾರ್ಪಾಡನ್ನು ನಡೆಯಿಸುವ ಸಾಧನಗಳು ಎಲ್ಲ ಪ್ರಾಣಿಗಳಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ನೋವಿಗಾಗಿ ಕೊಡುವ ನೆಪ್ರಾಕ್ಸೆನ್ ಎಂಬ ಔಷಧವು ಮನುಷ್ಯನ ರಕ್ತದಲ್ಲಿ ಅರ್ಧದಷ್ಟಾಗಲು ೧೨ ರಿಂದ ೧೭ ಗಂಟೆ ಹಿಡಿದರೆ, ನಾಯಿಯಲ್ಲಿ ಅದಕ್ಕೆ ಸುಮಾರು ೭೪ ಗಂಟೆ, ಅಂದರೆ ಮೂರು ದಿನಗಳು ಬೇಕು. ದಿನಕ್ಕೊಂದರಂತೆ ಕೊಟ್ಟರೆ ಹಿಂದಿನದು ಹೊರಗೆ ಹೋಗುವ ಮೊದಲೇ ಮುಂದಿನದು ಬಂದು ಸೇರಿ, ಹೊಟ್ಟೆಯ ಒಳಪೊರೆಯು ಹುಣ್ಣಾಗಿ ಕರಗುತ್ತದೆ.

ಇದಕ್ಕೆ ಹಳ್ಳಿಗರಿಗೆ ತಿಳಿದಿರುವ ನಿದರ್ಶನವೊಂದುಂಟು. ಸತ್ತ ದನಗಳನ್ನು ತಿಂದು ಊರ ಹೊರಗನ್ನು ಚೊಕ್ಕಟ ಮಾಡುತ್ತಿದ್ದ ರಣಹದ್ದುಗಳು ೧೯೯೦ ರಿಂದ ಈಚೆಗೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಭಾಗ ಅಳಿದುಹೋದುವು. ದನಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ಔಷಧವು ಹೆಣದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸುತ್ತಿದ್ದುದೇ ಕಾರಣವೆಂದು ೨೦೦೪ ರಲ್ಲಿ ಸ್ಪಷ್ಟವಾಯಿತು. ಪಶುಗಳಿಗೆ ಆ ಔಷಧವನ್ನು ಕೊಡುವುದನ್ನು ಭಾರತ ಸರ್ಕಾರವು ೨೦೦೬ ರಲ್ಲಿ ನಿಷೇಧಿಸಿತು. ದನಕ್ಕೆ ಗುಣ ಕೊಟ್ಟುದು ಹದ್ದಿಗೆ ಮರಣವನ್ನು ತಂದಿತು. ಮನುಷ್ಯನಿಗೂ ನಾಯಿಗೂ ನಡುವೆ ಇರುವ ಅಂತರವು ಅಷ್ಟು ದೊಡ್ಡದಲ್ಲದಿದ್ದರೂ ಅಲಕ್ಷ್ಯ ಮಾಡತಕ್ಕಷ್ಟು ಚಿಕ್ಕದಲ್ಲ.

ಜ್ವರದ ಮಾತ್ರೆ.— ಕ್ರೋಸಿನ್, ಡೋಲೋ ಮುಂತಾದ ಹೆಸರುಗಳಿಂದ ಮಾರಾಟವಾಗುವ ಜ್ವರದ ಮಾತ್ರೆಯಲ್ಲಿರುವುದು ಪ್ಯಾರಾಸಿಟಮಾಲ್. ಮಿತವಾದ ಅಳತೆಯಲ್ಲಿ ಪಶುವೈದ್ಯರು ಇದನ್ನು ಕೆಲವು ನಾಯಿಗಳಿಗೆ ಕೊಡುವುದುಂಟು. ಆದರೆ ನಾಯಿಯ ತೂಕದ ಕಿಲೋಗ್ರಾಮೊಂದಕ್ಕೆ ಸುಮಾರು ೧೦೦ ಮಿಲಿಗ್ರಾಮಿನಷ್ಟು ಹೊಟ್ಟೆಗೆ ಹೋದರೆ ಯಕೃತ್ತಿಗೆ ಹಾನಿಯಾಗುವ ಸಂಭವವುಂಟು. ೨೦೦ ಮಿಲಿಗ್ರಾಮನ್ನು ದಾಟಿದರೆ ರಕ್ತವೇ ಕೆಟ್ಟು ಪ್ರಾಣವಾಯುವನ್ನು ಒಯ್ಯಲಾರದೆ ಹೋಗುತ್ತದೆ. ಲೆಕ್ಕವನ್ನು ಮಾಡಿ ನೋಡಬೇಕು. ಹನ್ನೆರಡು ಕಿಲೋಗ್ರಾಮು ತೂಗುವ ಸಾಧಾರಣ ನಾಟಿನಾಯಿಯು ೬೫೦ ಮಿಲಿಗ್ರಾಮಿನ ಎರಡು ಮಾತ್ರೆಗಳನ್ನು ನುಂಗಿದರೆ ೧೩೦೦ ಮಿಲಿಗ್ರಾಮಾಯಿತು; ಅಪಾಯದ ಗೆರೆಯನ್ನು ಆಗಲೇ ದಾಟಿತು. ಮೂರು ಕಿಲೋಗ್ರಾಮಿನ ಮರಿಗೆ ಅರ್ಧ ಮಾತ್ರೆಯೇ ಸಾಕು. ಹೀಗೆ ‘ಅರ್ಧ ಮಾತ್ರೆ’ ಎಂಬ ಮಾತಿಗೆ ಅರ್ಥವೇ ಇಲ್ಲ. ಯಾವ ತೂಕದ ನಾಯಿಗೆ ಎಷ್ಟು ಮಿಲಿಗ್ರಾಮು ಎಂಬುದೇ ಮಾತು. ಬೆಕ್ಕಿನ ಯಕೃತ್ತಂತೂ ಈ ಔಷಧವನ್ನು ನಿಭಾಯಿಸಲು ಬೇಕಾದ ಶಕ್ತಿಯನ್ನೇ ಬಹುಮಟ್ಟಿಗೆ ಪಡೆದಿಲ್ಲ. ಒಂದು ಮಾತ್ರೆಯ ಕಾಲುಭಾಗವೂ ಅದನ್ನು ಕೊಲ್ಲಬಹುದಾದುದರಿಂದ ಬೆಕ್ಕಿಗೆ ಇದನ್ನು ಎಂದಿಗೂ ಕೊಡಕೂಡದು.

ಈ ವಿಷದ ಲಕ್ಷಣಗಳು ವಾಂತಿ, ಜೊಲ್ಲು ಸುರಿಯುವುದು, ಆಯಾಸದ ಉಸಿರು, ಮುಖವೂ ಪಾದಗಳೂ ಊದಿಕೊಳ್ಳುವುದು, ಒಸಡು ಕೆಂಪನ್ನು ಬಿಟ್ಟು ಕಂದುಬಣ್ಣಕ್ಕೆ ತಿರುಗುವುದು, ಮೂತ್ರವು ಕಾಫಿಯ ಬಣ್ಣವಾಗುವುದು. ಯಕೃತ್ತಿನ ಕೇಡು ಮಾತ್ರ ಒಂದೆರಡು ದಿನಗಳ ಮೇಲೆ ಕಾಮಾಲೆಯ ರೂಪದಲ್ಲಿ ತೋರುವುದು. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವು ಇದಕ್ಕೆ ಇದೆ. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು.

ಐಬುಪ್ರೊಫೆನ್, ಡೈಕ್ಲೋಫಿನಾಕ್ ಮೊದಲಾದ ಮೈಕೈನೋವಿನ ಮಾತ್ರೆಗಳು ಬೇರೆ ದಾರಿಯಲ್ಲಿ ಕೆಡುಕನ್ನು ಮಾಡುತ್ತವೆ. ಇವು ಮೊದಲು ಜಠರವನ್ನೂ ಕರುಳನ್ನೂ ಹುಣ್ಣು ಮಾಡಿ, ಅಳತೆ ಹೆಚ್ಚಿದಂತೆ ಮೂತ್ರಪಿಂಡಗಳನ್ನು ಕೆಡಿಸುತ್ತವೆ. ಮಲವು ಡಾಂಬರಿನಂತೆ ಕಪ್ಪಾಗಿದ್ದರೆ ಒಳಗೆ ರಕ್ತ ಸೋರುತ್ತಿದೆಯೆಂದು ತಿಳಿಯಬೇಕು. ಹತ್ತು ಕಿಲೋಗ್ರಾಮಿನ ನಾಯಿಯು ೪೦೦ ಮಿಲಿಗ್ರಾಮಿನ ಎರಡು ಐಬುಪ್ರೊಫೆನ್ ಮಾತ್ರೆಗಳನ್ನು ತಿಂದರೆ ಹೊಟ್ಟೆಯಲ್ಲಿ ಹುಣ್ಣಾಗುವ ಭಯವುಂಟು. ಐದು ತಿಂದರೆ ಮೂತ್ರಪಿಂಡಗಳಿಗೆ ಗಂಡಾಂತರ. ಪಶುವೈದ್ಯರು ಮೆಲಾಕ್ಸಿಕಾಂ ಎಂಬ ಔಷಧವನ್ನು ನಾಯಿಗಳಿಗೆ ಕೊಡುವರೆಂದು ಕೇಳಿ ಅದನ್ನು ಮನುಷ್ಯರ ಔಷಧದ ಅಂಗಡಿಯಲ್ಲಿ ಕೊಳ್ಳುವವರೂ ಇದ್ದಾರೆ. ಹತ್ತು ಕಿಲೋಗ್ರಾಮಿನ ನಾಯಿಗೆ ದಿನಕ್ಕೆ ಬೇಕಾದುದು ಒಂದು ಮಿಲಿಗ್ರಾಮು. ಅಂಗಡಿಯಲ್ಲಿ ದೊರೆಯುವ ಮಾತ್ರೆಯು ೧೫ ಮಿಲಿಗ್ರಾಮಿನದು. ಹೆಸರು ಒಂದೇ ಆದರೂ ಅಳತೆಯು ಹದಿನೈದು ಪಾಲು.

ಕಬ್ಬಿಣದ ಮಾತ್ರೆ.— ಹಳ್ಳಿಗಳಲ್ಲಿ ಹೆಚ್ಚು ಎಚ್ಚರಿಕೆಗೆ ಯೋಗ್ಯವಾದುದು ಇದು. ಏಕೆಂದರೆ ಇದನ್ನು ‘ಶಕ್ತಿಯ ಮಾತ್ರೆ’ ಎಂದು ಕರೆಯುವ ರೂಢಿಯಿರುವುದರಿಂದ ಯಾರೂ ಇದಕ್ಕೆ ಹೆದರುವುದಿಲ್ಲ. ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆಯೊಂದರಲ್ಲಿ ೬೦ ಮಿಲಿಗ್ರಾಮು ಕಬ್ಬಿಣವಿರುತ್ತದೆ. ಹೆರಿಗೆಗೆಂದು ತವರಿಗೆ ಬಂದ ಮಗಳ ಕೈಚೀಲವನ್ನು ಹದಿನೈದು ಕಿಲೋಗ್ರಾಮಿನ ನಾಯಿಯೊಂದು ಎಳೆದು ಮೂವತ್ತು ಮಾತ್ರೆಗಳನ್ನು ತಿಂದಿತೆಂದು ಭಾವಿಸೋಣ. ಒಟ್ಟು ೧೮೦೦ ಮಿಲಿಗ್ರಾಮು, ಎಂದರೆ ಕಿಲೋಗ್ರಾಮಿಗೆ ೧೨೦ ಮಿಲಿಗ್ರಾಮು ಆಯಿತು. ಕಿಲೋಗ್ರಾಮಿಗೆ ೨೦ ರ ಒಳಗಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ೬೦ ನ್ನು ದಾಟಿದರೆ ಅಪಾಯ. ೧೦೦ ರ ಮೇಲೆ ಪ್ರಾಣಕ್ಕೇ ಸಂಚಕಾರ.

ಈ ವಿಷವು ಮೋಸಗಾರ. ತಿಂದ ಆರು ಗಂಟೆಗಳೊಳಗೆ ನಾಯಿಯು ವಾಂತಿ ಮಾಡಿ, ರಕ್ತ ಬೆರೆತ ಭೇದಿಯಿಂದ ಬಳಲುತ್ತದೆ. ಆಮೇಲೆ, ಸರಿಸುಮಾರು ಆರನೆಯ ಗಂಟೆಯಿಂದ ಇಪ್ಪತ್ತನಾಲ್ಕನೆಯ ಗಂಟೆಯವರೆಗೆ, ಅದು ಚೇತರಿಸಿಕೊಂಡಂತೆ ಕಾಣುವುದು. ಎದ್ದು ನಿಲ್ಲುವುದು, ಬಾಲವನ್ನೂ ಆಡಿಸೀತು. ಮನೆಯವರು ಗಂಡಾಂತರ ಕಳೆಯಿತೆಂದು ನಿಟ್ಟುಸಿರು ಬಿಡುವ ಹೊತ್ತು ಇದು. ಆದರೆ ಇಷ್ಟು ಹೊತ್ತಿಗೆ ಕಬ್ಬಿಣವು ಕರುಳಿನಿಂದ ರಕ್ತಕ್ಕೂ, ರಕ್ತದಿಂದ ಯಕೃತ್ತಿಗೂ ಹೃದಯಕ್ಕೂ ಇಳಿದಿರುತ್ತದೆ. ಮಾರನೆಯ ದಿನ ನಾಯಿಯು ಇದ್ದಕ್ಕಿದ್ದಂತೆ ಕುಸಿಯುವುದು. ಆದಕಾರಣ ಕಬ್ಬಿಣದ ಮಾತ್ರೆಯನ್ನು ತಿಂದ ನಾಯಿಯು ಗೆಲುವಾಗಿ ಕಂಡರೂ ಪಶುವೈದ್ಯರಲ್ಲಿಗೆ ಹೋಗುವುದನ್ನು ನಿಲ್ಲಿಸಕೂಡದು.

ಕ್ಷಯದ ಮಾತ್ರೆ.— ನಾಯಿಗೆ ಇದಕ್ಕಿಂತ ಕ್ರೂರವಾದ ಮಾತ್ರೆಯು ಮನೆಯಲ್ಲಿ ಇನ್ನೊಂದಿರಲಾರದು. ಕ್ಷಯರೋಗಕ್ಕೆ ಕೊಡುವ ಔಷಧಗಳಲ್ಲಿ ಐಸೋನಿಯಾಜಿಡ್ ಎಂಬುದು ಮುಖ್ಯವಾದುದು. ಮನುಷ್ಯನ ಯಕೃತ್ತಿನಲ್ಲಿ ಇದನ್ನು ನಿರಪಾಯವಾದ ರೂಪಕ್ಕೆ ತರುವ ಒಂದು ಕಿಣ್ವವಿದೆ. ನಾಯಿಯ ಜಾತಿಯಲ್ಲಿ ಆ ಕಿಣ್ವವು ಹುಟ್ಟಿನಿಂದಲೇ ಇಲ್ಲ. ಔಷಧವು ಮೈಯಲ್ಲಿ ಹಾಗೆಯೇ ಉಳಿದು, ಮಿದುಳನ್ನು ಶಾಂತವಾಗಿಡಲು ಬೇಕಾದ ಬಿ ೬ ಎಂಬ ಜೀವಸತ್ವವನ್ನು ಕಟ್ಟಿಹಾಕುವುದು. ಒಂದೆರಡು ಗಂಟೆಗಳೊಳಗೆ, ಕೆಲವು ವೇಳೆ ಅರ್ಧ ಗಂಟೆಯಲ್ಲಿಯೇ, ನಾಯಿಯು ನಡುಗಿ, ತೂರಾಡಿ, ಬಾಯಲ್ಲಿ ನೊರೆ ಸುರಿಸುತ್ತ ಸೆಳವಿಗೆ ಬೀಳುತ್ತದೆ. ಕಿಲೋಗ್ರಾಮಿಗೆ ೫೦ ಮಿಲಿಗ್ರಾಮಿನಷ್ಟು ಸಾಯಿಸಲು ಸಾಕು. ರೋಗಿಗೆ ಕೊಡುವ ಸಂಯುಕ್ತ ಮಾತ್ರೆಯೊಂದರಲ್ಲಿ ಇದು ೭೫ ಮಿಲಿಗ್ರಾಮಿರುತ್ತದೆ. ರೋಗಿಯ ಮನೆಯವರಿಗೆ ರೋಗವು ಅಂಟದಂತೆ ಮುಂಜಾಗ್ರತೆಯಾಗಿ ಕೊಡುವ ಮಾತ್ರೆಯಲ್ಲಿ ೩೦೦ ಮಿಲಿಗ್ರಾಮು. ಹನ್ನೆರಡು ಕಿಲೋಗ್ರಾಮಿನ ನಾಯಿಗೆ ಮೊದಲನೆಯದರಲ್ಲಿ ಎಂಟು, ಎರಡನೆಯದರಲ್ಲಿ ಎರಡೇ ಎರಡು ಮಾತ್ರೆಗಳು ಮರಣದ ಅಳತೆ.

ಇಷ್ಟು ಕ್ರೂರವಾದ ವಿಷಕ್ಕೆ ಪರಿಹಾರವು ಬಹಳ ಸುಲಭವಾಗಿದೆ. ಅದೇ ಬಿ ೬ ಜೀವಸತ್ವವನ್ನು, ಅಂದರೆ ಪಿರಿಡಾಕ್ಸಿನನ್ನು, ತಿಂದ ಐಸೋನಿಯಾಜಿಡ್ಡಿನ ತೂಕಕ್ಕೆ ಸರಿಸಮನಾಗಿ ರಕ್ತನಾಳಕ್ಕೆ ಕೊಟ್ಟರೆ ಸೆಳವು ಇಳಿಯುತ್ತದೆ. ಆದರೆ ಸೆಳವು ಬಂದ ನಾಯಿಯನ್ನು ಕಂಡ ವೈದ್ಯರಿಗೆ, ಅದು ತಿಂದುದು ಇದೇ ಎಂದು ಯಾರಾದರೂ ಹೇಳಿದಲ್ಲದೆ, ಬಿ ೬ ರ ನೆನಪು ಬರಲು ಕಾರಣವಿಲ್ಲ. ಸೆಳವಿಗೆ ನೂರು ಕಾರಣಗಳುಂಟು. ಇಲ್ಲಿಯೇ ಕಷ್ಟವಿರುವುದು. ಮನೆಯಲ್ಲಿ ಕ್ಷಯರೋಗಿಯಿದ್ದಾರೆಂದು ಹೇಳಿಕೊಳ್ಳಲು ಜನರು ನಾಚುತ್ತಾರೆ. ಮಗಳ ಸಂಬಂಧ ತಪ್ಪೀತು, ನೆರೆಯವರು ನೀರು ಮುಟ್ಟಿಸಿಕೊಳ್ಳಲಾರರು ಎಂಬ ಹೆದರಿಕೆಯಿಂದ ‘ಏನು ತಿಂದಿತೋ ಗೊತ್ತಿಲ್ಲ’ ಎಂದುಬಿಡುತ್ತಾರೆ. ಮಾನಸಿಕ ರೋಗದ ಮಾತ್ರೆ, ಮದ್ಯಪಾನವನ್ನು ಬಿಡಿಸುವ ಮಾತ್ರೆ ಇವುಗಳ ವಿಷಯದಲ್ಲಿಯೂ ಹೀಗೆಯೇ. ಪಶುವೈದ್ಯರಿಗೆ ಬೇಕಾದುದು ಮಾತ್ರೆಯ ಹೆಸರೇ ಹೊರತು ಅದನ್ನು ಸೇವಿಸುವವರ ಹೆಸರಲ್ಲ. ‘ಯಾರದೋ ಮಾತ್ರೆ, ಇದೋ ಶೀಟು’ ಎಂದು ಮುಂದಿಟ್ಟರೆ ಸಾಕು. ಸಂಯುಕ್ತ ಮಾತ್ರೆಯಲ್ಲಿ ರಿಫಾಂಪಿಸಿನ್ ಎಂಬ ಇನ್ನೊಂದು ಔಷಧವಿರುವುದರಿಂದ ನಾಯಿಯ ಮೂತ್ರವು ಕಿತ್ತಳೆಯ ಬಣ್ಣವಾಗಬಹುದು. ಅದು ರಕ್ತವಲ್ಲ, ತಿಂದುದೇನೆಂಬುದರ ಗುರುತು.

ಸೆಳವು ಬಂದು ನೊರೆ ಸುರಿಸುವ ನಾಯಿಯನ್ನು ಹುಚ್ಚುನಾಯಿಯೆಂದು ಭ್ರಮಿಸಿ ಬಡಿಗೆಯಿಂದ ಹೊಡೆದು ಕೊಲ್ಲುವ ಸಂಭವವೂ ಉಂಟು. ಇಲ್ಲಿ ಎರಡು ಕಡೆಯ ಎಚ್ಚರವೂ ಬೇಕು. ಹುಚ್ಚಿನ ರೋಗವು ಸಾಮಾನ್ಯವಾಗಿ ಕೆಲವು ದಿನಗಳ ಸ್ವಭಾವದ ಬದಲಾವಣೆಯೊಂದಿಗೆ ಬರುವುದು. ವಿಷವು ಬೆಳಿಗ್ಗೆ ಚೆನ್ನಾಗಿದ್ದ ನಾಯಿಯನ್ನು ಮಧ್ಯಾಹ್ನಕ್ಕೆ ಕೆಡವುತ್ತದೆ. ಕಚ್ಚಿದ ಶೀಟು ಹತ್ತಿರದಲ್ಲಿ ಬಿದ್ದಿದ್ದರೆ ವಿಷವೇ ಇರಬೇಕೆಂದು ಊಹಿಸಬಹುದು. ಆದರೂ ಇದನ್ನು ನಿರ್ಣಯಿಸತಕ್ಕವರು ಪಶುವೈದ್ಯರು. ಅಲ್ಲಿಯವರೆಗೆ ನಾಯಿಯನ್ನು ಹೊಡೆಯಲೂ ಕೂಡದು, ಅದರ ಜೊಲ್ಲನ್ನು ಬರಿಗೈಯಿಂದ ಮುಟ್ಟಲೂ ಕೂಡದು. ಕಚ್ಚಿಸಿಕೊಂಡವರು ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆಯನ್ನು ಹಾಕಿಸಿಕೊಳ್ಳತಕ್ಕದ್ದು.

ಇತರ ಮಾತ್ರೆಗಳು.— ಈಚೆಗೆ ಮೂಳೆಯ ಬಲಕ್ಕೆಂದು ವಾರಕ್ಕೊಂದರಂತೆ ನುಂಗುವ ೬೦,೦೦೦ ಅಂತರರಾಷ್ಟ್ರೀಯ ಮಾನಗಳ ಡಿ ಜೀವಸತ್ವದ ಗುಳಿಗೆಯು ಎಲ್ಲೆಡೆಯೂ ಬಂದಿದೆ. ಅದರಲ್ಲಿರುವ ಜೀವಸತ್ವದ ತೂಕ ಒಂದೂವರೆ ಮಿಲಿಗ್ರಾಮು ಮಾತ್ರ. ಆದರೆ ನಾಯಿಗೆ ಕಿಲೋಗ್ರಾಮೊಂದಕ್ಕೆ ಮಿಲಿಗ್ರಾಮಿನ ಹತ್ತನೆಯ ಒಂದು ಭಾಗವೇ ರಕ್ತದಲ್ಲಿ ಸುಣ್ಣದ ಅಂಶವನ್ನು ಏರಿಸಬಲ್ಲುದು. ಹತ್ತು ಕಿಲೋಗ್ರಾಮಿನ ನಾಯಿಗೆ ಒಂದು ಗುಳಿಗೆಯೇ ಈ ಗೆರೆಯನ್ನು ದಾಟಿಸುತ್ತದೆ. ಮೊದಲ ದಿನ ಏನೂ ತೋರದಿರಬಹುದು; ಆಮೇಲೆ ನಾಯಿಯು ಅತಿಯಾಗಿ ನೀರು ಕುಡಿದು, ಅತಿಯಾಗಿ ಮೂತ್ರ ಮಾಡಿ, ಮೇವನ್ನು ಬಿಟ್ಟು ಸೊರಗುವುದು.

ಸಕ್ಕರೆ ಕಾಯಿಲೆಯ ಮಾತ್ರೆಗಳಲ್ಲಿ ಮೆಟ್‌ಫಾರ್ಮಿನ್ ಒಂದೇ ಇದ್ದರೆ ಹೊಟ್ಟೆಯ ಕೋಟಲೆಯೇ ಹೆಚ್ಚು. ಗ್ಲಿಮೆಪಿರೈಡ್ ಅಥವಾ ಗ್ಲಿಬೆನ್‌ಕ್ಲಮೈಡ್ ಸೇರಿದ್ದರೆ ರಕ್ತದ ಸಕ್ಕರೆಯು ಕುಸಿದು ನಾಯಿಯು ತೂರಾಡಿ ಮೂರ್ಛೆ ಹೋಗುವುದು. ರಕ್ತದೊತ್ತಡದ ಮಾತ್ರೆಗಳು ಚಿಕ್ಕ ನಾಯಿಗಳ ಹೃದಯವನ್ನು ನಿಧಾನಿಸುವುವು. ನಿದ್ರೆಯ ಮಾತ್ರೆಯನ್ನು ತಿಂದ ಕೆಲವು ನಾಯಿಗಳು ನಿದ್ರಿಸುವುದಕ್ಕೆ ಬದಲಾಗಿ ಕೆರಳಿ ಓಡಾಡುವುದೂ ಉಂಟು. ಉಬ್ಬಸದವರು ಎಳೆದುಕೊಳ್ಳುವ ಔಷಧದ ಡಬ್ಬಿಯನ್ನು ನಾಯಿಯು ಕಚ್ಚಿ ತೂತು ಮಾಡಿದರೆ ಒಂದೇ ಬಾರಿಗೆ ಬಹಳ ಔಷಧವು ಬಾಯಿಗೆ ನುಗ್ಗಿ ಎದೆಯು ಹೊಡೆದುಕೊಳ್ಳುವುದು. ಚರ್ಮರೋಗದ ಮುಲಾಮುಗಳಲ್ಲಿಯೂ ಕೆಲವು, ಮುಖ್ಯವಾಗಿ ಕ್ಯಾಲ್ಸಿಪೋಟ್ರಿಯಾಲ್ ಮತ್ತು ಫ್ಲೂರೋಯುರಾಸಿಲ್ ಇರುವುವು, ಬಹಳ ವಿಷಕರ. ಇದಕ್ಕೆ ವಿರುದ್ಧವಾಗಿ ಥೈರಾಯಿಡ್ ಮಾತ್ರೆಯು ಹೆಚ್ಚು ಭಯಕ್ಕೆ ಕಾರಣವಲ್ಲ; ಆ ಕೊರತೆಯಿರುವ ನಾಯಿಗೆ ವೈದ್ಯರು ಕೊಡುವ ಅಳತೆಯು ಮನುಷ್ಯರದಕ್ಕಿಂತ ಹೆಚ್ಚಾಗಿಯೇ ಇರುತ್ತದೆ. ಹೀಗೆ ಒಂದು ಮಾತ್ರೆಗೂ ಇನ್ನೊಂದಕ್ಕೂ ಅಜಗಜಾಂತರವಿರುವುದರಿಂದಲೇ ಹೆಸರು ತಿಳಿಯದೆ ಮಾಡುವ ಚಿಕಿತ್ಸೆಯು ಕುರುಡು ಚಿಕಿತ್ಸೆಯಾಗುತ್ತದೆ.

ಮಾಡತಕ್ಕ ಕೆಲಸಗಳು.— ನಾಯಿಯ ಬಾಯಿಯಲ್ಲಿ ಶೀಟನ್ನು ಕಂಡ ಕೂಡಲೆ ಕೂಗಾಡಿ ಅಟ್ಟಿಸಿಕೊಂಡು ಹೋಗಬಾರದು. ಅಟ್ಟಿಸಿದರೆ ಅದು ಉಗುಳಬೇಕಾದುದನ್ನೂ ನುಂಗುತ್ತದೆ. ಒಂದು ತುಂಡು ರೊಟ್ಟಿಯನ್ನು ತೋರಿಸಿದರೆ ಅನೇಕ ನಾಯಿಗಳು ಬಾಯಲ್ಲಿರುವುದನ್ನು ಬಿಡುತ್ತವೆ. ಆಮೇಲೆ ಅದನ್ನು ಕಟ್ಟಿಹಾಕಿ, ಚೆಲ್ಲಿದ ಮಾತ್ರೆಗಳನ್ನೆಲ್ಲ ಆಯ್ದು, ಮನೆಯ ಇತರ ನಾಯಿಬೆಕ್ಕುಗಳನ್ನೂ ಮಕ್ಕಳನ್ನೂ ದೂರವಿಡಬೇಕು. ಎರಡು ನಾಯಿಗಳಿದ್ದು ಯಾವುದು ತಿಂದಿತೆಂದು ತಿಳಿಯದಿದ್ದರೆ, ಎರಡೂ ಪೂರ್ತಿ ತಿಂದಿವೆಯೆಂದೇ ಎಣಿಸತಕ್ಕದ್ದು.

ಆ ಬಳಿಕ ಮೂರು ಸಂಗತಿಗಳನ್ನು ಗೊತ್ತು ಮಾಡಿಕೊಳ್ಳಬೇಕು. ತಿಂದುದು ಏನು, ಎಷ್ಟು, ಎಷ್ಟು ಹೊತ್ತಿಗೆ. ಶೀಟಿನ ಹಿಂಭಾಗದಲ್ಲಿ ಔಷಧದ ಹೆಸರೂ ಮಿಲಿಗ್ರಾಮಿನ ಅಳತೆಯೂ ಅಚ್ಚಾಗಿರುತ್ತದೆ. ಹರಿದ ಚೂರುಗಳನ್ನು ಬಿಸಾಡದೆ ಒಂದು ಕಾಗದದಲ್ಲಿ ಕಟ್ಟಿಟ್ಟುಕೊಳ್ಳಬೇಕು. ಖಾಲಿಯಾದ ಕುಳಿಗಳನ್ನು ಎಣಿಸಿ, ರೋಗಿಯು ಆವರೆಗೆ ನುಂಗಿದ್ದಷ್ಟನ್ನು ಕಳೆದರೆ ನಾಯಿಯು ತಿಂದ ಲೆಕ್ಕ ಸಿಕ್ಕುತ್ತದೆ. ಸಂದೇಹವಿದ್ದರೆ ಹೆಚ್ಚಿನ ಸಂಖ್ಯೆಯನ್ನೇ ಹಿಡಿಯುವುದು ಮೇಲು. ನಾಯಿಯ ತೂಕವು ತಿಳಿಯದಿದ್ದರೆ, ಮೂಟೆ ತೂಗುವ ಕಾಟಾದ ಮೇಲೆ ಅದನ್ನೆತ್ತಿಕೊಂಡು ನಿಂತು, ಎತ್ತಿಕೊಂಡವನ ತೂಕವನ್ನು ಕಳೆದರಾಯಿತು. ಕಾಟಾ ಇಲ್ಲದೆಡೆ ಅಂದಾಜು ಸಾಕು: ಸಾಧಾರಣ ನಾಟಿನಾಯಿಯು ೧೨ ರಿಂದ ೨೦, ಬೆಳೆದ ಮುಧೋಳದ ನಾಯಿಯು ೨೦ ರಿಂದ ೨೮ ಕಿಲೋಗ್ರಾಮು ತೂಗುವುದು. ಇಷ್ಟಕ್ಕೆಲ್ಲ ಐದು ನಿಮಿಷಕ್ಕಿಂತ ಹೆಚ್ಚು ವ್ಯಯ ಮಾಡಲಾಗದು.

ಕೂಡಲೆ ಪಶುವೈದ್ಯರಿಗೆ ದೂರವಾಣಿಯ ಮೂಲಕ ಈ ಸಂಗತಿಗಳನ್ನು ತಿಳಿಸಬೇಕು. ಹತ್ತಿರದ ಪಶುವೈದ್ಯಶಾಲೆಯ ವೈದ್ಯಾಧಿಕಾರಿಗಳ ಸಂಖ್ಯೆಯನ್ನು ಮೊದಲೇ ಗೋಡೆಯ ಮೇಲೆ ಬರೆದಿಟ್ಟುಕೊಂಡಿರುವುದು ವಿವೇಕ. ೧೯೬೨ ಎಂಬ ಶುಲ್ಕವಿಲ್ಲದ ಸಂಖ್ಯೆಗೆ ಕರೆದರೆ ಸರ್ಕಾರದ ಸಂಚಾರಿ ಪಶುಚಿಕಿತ್ಸಾ ವಾಹನದ ನೆರವನ್ನು ಕೇಳಬಹುದು. ಆದರೆ ಅದು ಮುಖ್ಯವಾಗಿ ದನಕರುಗಳಿಗಾಗಿ ಏರ್ಪಟ್ಟುದಾದುದರಿಂದ ವಾಹನಕ್ಕೆ ಕಾದು ಕುಳಿತು ಹೊತ್ತು ಕಳೆಯುವುದಕ್ಕಿಂತ, ಸಾಧ್ಯವಿದ್ದಲ್ಲಿ ನಾಯಿಯನ್ನೇ ಒಯ್ಯುವುದು ಲೇಸು. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ ಇಲ್ಲಿಗಳ ಪಶುವೈದ್ಯಕೀಯ ಕಾಲೇಜುಗಳಿಗೆ ಸಮೀಪದಲ್ಲಿರುವವರು ಅಲ್ಲಿನ ಆಸ್ಪತ್ರೆಗಳಿಗೆ ಹೋಗಬಹುದು.

ವಾಂತಿ ಮಾಡಿಸುವ ವಿಷಯ.— ಮಾತ್ರೆಯನ್ನು ನುಂಗಿದ ಒಂದೆರಡು ಗಂಟೆಗಳೊಳಗೆ ವಾಂತಿ ಮಾಡಿಸಿದರೆ ವಿಷದ ಒಂದು ಭಾಗವು ಹೊರಬರುವುದು ನಿಜ. ಪೂರ್ತಿಯಾಗಿ ಎಂದಿಗೂ ಬರುವುದಿಲ್ಲ. ವಾಂತಿ ಮಾಡಿಸಬೇಕೇ ಬೇಡವೇ ಎಂಬುದನ್ನು ವೈದ್ಯರೇ ಹೇಳಬೇಕು. ಅವರ ಬಳಿ ಇದಕ್ಕೆ ತಕ್ಕ ಚುಚ್ಚುಮದ್ದು ಇರುತ್ತದೆ. ಮಂಕಾದ, ನಡುಗುವ, ಸೆಳವು ಬಂದ, ಉಸಿರಾಟ ಕೆಟ್ಟ ನಾಯಿಗೆ ವಾಂತಿ ಮಾಡಿಸಿದರೆ ಕಕ್ಕಿದುದು ಶ್ವಾಸಕೋಶಕ್ಕೆ ಇಳಿದು ವಿಷಕ್ಕಿಂತ ಮೊದಲೇ ಪ್ರಾಣ ಹೋದೀತು. ಮೂತಿ ಚಪ್ಪಟೆಯಾದ ಪಗ್ ಮುಂತಾದ ತಳಿಗಳಿಗೂ ಇದೇ ಭಯ.

ಹಳ್ಳಿಗಳಲ್ಲಿ ವಾಂತಿಗೆಂದು ಉಪ್ಪುನೀರನ್ನು ಗೊಟ್ಟದಲ್ಲಿ ಹೊಯ್ಯುವ ಅಭ್ಯಾಸವು ಬಹಳವಾಗಿದೆ. ಇದನ್ನು ಪೂರ್ತಿಯಾಗಿ ಬಿಡಬೇಕು. ನಾಯಿಯು ವಾಂತಿ ಮಾಡದೆ ಹೋದರೆ ಆ ಉಪ್ಪೆಲ್ಲ ರಕ್ತಕ್ಕೆ ಸೇರುವುದು; ಕಿಲೋಗ್ರಾಮಿಗೆ ಎರಡು ಮೂರು ಗ್ರಾಮು ಉಪ್ಪು ಸೇರಿದರೆ ಮಿದುಳಿಗೆ ವಿಷ, ನಾಲ್ಕು ಗ್ರಾಮು ಸೇರಿದರೆ ಮರಣ. ಐದು ಕಿಲೋಗ್ರಾಮಿನ ಮರಿಗೆ ಇದು ಹಿಡಿಯಷ್ಟೂ ಅಲ್ಲ, ನಾಲ್ಕು ಸಣ್ಣ ಚಮಚೆ. ಮಾತ್ರೆಯಿಂದ ಬದುಕುತ್ತಿದ್ದ ನಾಯಿಯನ್ನು ಚಿಕಿತ್ಸೆಯಿಂದ ಕೊಂದಂತಾಗುವುದು. ಗಂಟಲಿಗೆ ಬೆರಳು ಹಾಕುವುದು, ಹುಣಿಸೆಹಣ್ಣಿನ ರಸ, ಸಾಸಿವೆಯ ನೀರು, ಹರಳೆಣ್ಣೆ, ಸಗಣಿಯ ನೀರು ಇವು ಯಾವುವೂ ಬೇಡ. ಹಾಲು ಎಲ್ಲ ವಿಷವನ್ನೂ ಮುರಿಯುವುದೆಂಬ ನಂಬಿಕೆಗೂ ಆಧಾರವಿಲ್ಲ.

ಪಶುವೈದ್ಯಶಾಲೆಯು ದೂರವಾಗಿದ್ದಾಗ ವೈದ್ಯರು ದೂರವಾಣಿಯಲ್ಲಿ ಹೈಡ್ರೋಜನ್ ಪೆರಾಕ್ಸೈಡನ್ನು ಕುಡಿಸಲು ಹೇಳಬಹುದು. ಆಗ ಒಂದು ಮಾತನ್ನು ಮರೆಯದೆ ಅವರಿಗೆ ತಿಳಿಸಬೇಕು. ನಾಯಿಗೆ ಉಪಯೋಗಿಸುವುದು ನೂರಕ್ಕೆ ಮೂರರ ದ್ರಾವಣ. ನಮ್ಮ ಅಂಗಡಿಗಳಲ್ಲಿ ಗಾಯ ತೊಳೆಯಲು ಮಾರುವುದು ಸಾಮಾನ್ಯವಾಗಿ ನೂರಕ್ಕೆ ಆರರದು. ಅದನ್ನು ಹಾಗೆಯೇ ಕುಡಿಸಿದರೆ ಜಠರವು ಸುಡುವುದು. ಸೀಸೆಯ ಮೇಲಿನ ಅಂಕಿಯನ್ನು ಓದಿ ಹೇಳಿ, ಎಷ್ಟು ನೀರು ಬೆರೆಸಬೇಕು, ಎಷ್ಟು ಕುಡಿಸಬೇಕು ಎಂಬುದನ್ನು ಅವರಿಂದಲೇ ಕೇಳಬೇಕು. ಬೆಕ್ಕಿಗೆ ಇದು ಯಾವ ಅಳತೆಯಲ್ಲಿಯೂ ನಿಷಿದ್ಧ.

ವಿಷವನ್ನು ಹೀರಲು ವೈದ್ಯರು ಇದ್ದಿಲನ್ನು ಕೊಡುವರೆಂದು ಕೇಳಿದವರು ಒಲೆಯ ಇದ್ದಿಲನ್ನೋ ಸುಟ್ಟ ರೊಟ್ಟಿಯನ್ನೋ ಅರೆದು ಕುಡಿಸುವುದುಂಟು. ವೈದ್ಯರು ಕೊಡುವುದು ವಿಶೇಷ ರೀತಿಯಿಂದ ಸಂಸ್ಕರಿಸಿ, ಕಣಕಣದಲ್ಲಿಯೂ ಸೂಕ್ಷ್ಮ ರಂಧ್ರಗಳನ್ನು ಮೂಡಿಸಿದ ಇದ್ದಿಲು. ಒಲೆಯ ಇದ್ದಿಲಿಗೆ ಆ ಗುಣವಿಲ್ಲ. ಆ ಸಂಸ್ಕರಿಸಿದ ಇದ್ದಿಲು ಕೂಡ ಕಬ್ಬಿಣವನ್ನು ಹಿಡಿಯಲಾರದು.

ದಾರಿಯಲ್ಲಿ ಮನೆಯವರು ಮಾಡಬಹುದಾದುದು ಸ್ವಲ್ಪವೇ. ನಾಯಿಯನ್ನು ಪಕ್ಕಕ್ಕೆ ಮಲಗಿಸಿ, ಕತ್ತನ್ನು ನೀಡಿ, ವಾಂತಿಯಾದರೆ ಹೊರಗೆ ಹರಿಯುವಂತೆ ನೋಡಿಕೊಳ್ಳಬೇಕು. ಸೆಳವು ಬಂದಿರುವಾಗ ಬಾಯಿಗೆ ಕೈಯನ್ನೂ ನೀರನ್ನೂ ಹಾಕಬಾರದು. ವಾಂತಿ ಮಾಡುತ್ತಿರುವ ನಾಯಿಯ ಮೂತಿಯನ್ನು ಕಟ್ಟಬಾರದು. ಸಕ್ಕರೆ ಕಾಯಿಲೆಯ ಮಾತ್ರೆಯೆಂದು ತಿಳಿದಿದ್ದು ನಾಯಿಗೆ ಎಚ್ಚರವಿದ್ದರೆ ಮಾತ್ರ ಬೆಲ್ಲದ ನೀರನ್ನೋ ಜೇನನ್ನೋ ಸ್ವಲ್ಪ ಸ್ವಲ್ಪವಾಗಿ ಒಸಡಿಗೆ ಸವರುತ್ತಿರಬಹುದು. ವಾಂತಿಯಲ್ಲಿ ಮಾತ್ರೆಯ ಚೂರುಗಳು ಕಂಡರೆ ಅದನ್ನೂ ಒಂದು ಡಬ್ಬಿಯಲ್ಲಿ ಹಾಕಿ ಒಯ್ಯಬೇಕು. ಶೀಟಿನ ತಗಡಿನ ಚೂರುಗಳನ್ನೇ ನಾಯಿಯು ನುಂಗಿದ್ದರೆ, ಅವು ಕರುಳನ್ನು ಕೊಯ್ಯುವ ಅಥವಾ ಕಟ್ಟುವ ಭಯವಿರುವುದರಿಂದ ಅದನ್ನು ತಪ್ಪದೆ ಹೇಳಬೇಕು.

ಚಿಕಿತ್ಸೆಯಾಗಿ ಮನೆಗೆ ಬಂದ ನಾಯಿಯನ್ನು ಕನಿಷ್ಠ ಮೂರು ದಿನಗಳಾದರೂ ಹತ್ತಿರದಲ್ಲಿ ಕಟ್ಟಿ ಗಮನಿಸತಕ್ಕದ್ದು. ಬೆಳಿಗ್ಗೆ ಸಂಜೆ ತುಟಿಯನ್ನೆತ್ತಿ ಒಸಡಿನ ಬಣ್ಣವನ್ನೂ, ಕಣ್ಣಿನ ಬಿಳಿಭಾಗವು ಹಳದಿಯಾಗಿದೆಯೇ ಎಂಬುದನ್ನೂ, ಮಲಮೂತ್ರಗಳನ್ನೂ ನೋಡುತ್ತಿರಬೇಕು. ಮೇವನ್ನು ಮುಟ್ಟದಿದ್ದರೆ, ಮಲವು ಕಪ್ಪಾದರೆ, ನೀರನ್ನು ಎಡೆಬಿಡದೆ ಕುಡಿಯುತ್ತಿದ್ದರೆ ಮತ್ತೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಮಿಕ್ಕ ಮಾತ್ರೆಗಳನ್ನೂ ಅವಧಿ ಮೀರಿದ ಮಾತ್ರೆಗಳನ್ನೂ ತಿಪ್ಪೆಗೆ ಎಸೆಯುವ ಪದ್ಧತಿಯನ್ನು ನಿಲ್ಲಿಸತಕ್ಕದ್ದು. ತಿಪ್ಪೆಯನ್ನು ಕೆದಕದ ನಾಯಿಯೂ ಕೋಳಿಯೂ ಇಲ್ಲ. ಅವುಗಳನ್ನು ಶೀಟಿನಿಂದ ಬಿಡಿಸಿ, ಬೂದಿಯಲ್ಲೋ ಬಳಸಿದ ಕಾಫಿಪುಡಿಯಲ್ಲೋ ಕಲಸಿ, ಬಾಯಿ ಕಟ್ಟಿದ ಚೀಲದಲ್ಲಿ ಹಾಕಿ ಕಸದವರಿಗೆ ಕೊಡಬಹುದು. ದಿನವೂ ಬೇಕಾದ 
ಮಾತ್ರೆಗಳಿಗೆ ಬಿಗಿಯಾದ ಮುಚ್ಚಳವಿರುವ ತಗಡಿನ ಡಬ್ಬಿಯೊಂದನ್ನು ಗೊತ್ತು ಮಾಡಿ, ನಾಯಿಯು ಹಿಂಗಾಲಿನ ಮೇಲೆ ನಿಂತರೂ ಎಟುಕದ ಅಟ್ಟದ ಮೇಲೆ ಇಡಬೇಕು. ಮನೆಯ ಹಿರಿಯರು ಕೈನಡುಗಿ ಕೆಳಗೆ ಬೀಳಿಸಿದ ಮಾತ್ರೆಯನ್ನು ‘ಹೋಗಲಿ’ ಎಂದು ಬಿಡದೆ, ಮಂಚದ ಕೆಳಗೆ ದೀಪ ಹಿಡಿದಾದರೂ ಹುಡುಕಿ ತೆಗೆಯತಕ್ಕದ್ದು.